ನೆಡುವುದು ಮತ್ತು ಕಾಯುವುದು

ಕನ್ನಡದ ‘ಕಾಯು’ ಎಂಬ ಕ್ರಿಯಾಪದಕ್ಕಿರುವ ಅರ್ಥಗಳಲ್ಲಿ ರಕ್ಷಿಸು ಎಂಬುದೊಂದು, ಎದುರುನೋಡು ಎಂಬುದು ಇನ್ನೊಂದು. ಇವೆರಡೂ ಒಂದೇ ಆಗಿಬಿಡುವ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಸ್ವಂತ ಹೊಲದಲ್ಲಿ ಮರ ಬೆಳೆಸುವುದು ಎಂದು ನಾನು ಹೇಳುವೆನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬಯಲುಸೀಮೆಯಲ್ಲಿ ಜೋಳ ಬಿತ್ತಿದವನು ನಾಲ್ಕು ತಿಂಗಳು ಕಾದರೆ ಸಾಕು. ಹುಣಿಸೆಯ ಸಸಿ ನೆಟ್ಟವನು ಎಂಟು ಹತ್ತು ವರ್ಷ ಕಾಯಬೇಕು. ಅಷ್ಟು ಕಾಲ ಅವನ ಮನೆಯ ಒಲೆ ಉರಿಯುವುದು ಹೇಗೆ? ಖಾಸಗಿ ನೆಲದ ಮರಕ್ಕೆ ಸರಕಾರ ಕೊಡುತ್ತ ಬಂದ ನೆರವಿನ ಚರಿತ್ರೆಯನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಓದಬೇಕು.

ನಮ್ಮ ಹಿರಿಯರು ಸಪ್ತಸಂತಾನಗಳಲ್ಲಿ ಕೆರೆ, ದೇಗುಲ, ಮಗನ ಜೊತೆಗೆ ವನವನ್ನೂ ಎಣಿಸಿದರು. ತೋಪು ಹಾಕಿಸಿದವನಿಗೆ ಸಲ್ಲುವ ಕೂಲಿ ಪುಣ್ಯವೇ ಆಗಿತ್ತು. ೧೮೦೦ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿ, ೧೮೦೭ರವರೆಗೆ ಥಾಮಸ್ ಮನ್ರೋ ಇಲ್ಲಿ ಕಲೆಕ್ಟರಾಗಿದ್ದನು. ರೈತವಾರಿ ಪದ್ಧತಿ ಬೇರೂರಿದಂತೆ ಹೊಲಹೊಲಕ್ಕೂ ಕಂದಾಯ ಗೊತ್ತಾಯಿತು. ಕಂದಾಯದ ಕಂತು ವರ್ಷ ತಪ್ಪದೆ ಬರುವುದು. ಸಸಿಯ ಫಲವಾದರೋ ಹಾಗೆ ಬಾರದು. ಪುಣ್ಯದ ಲೆಕ್ಕಕ್ಕೂ ಖಜಾನೆಯ ಲೆಕ್ಕಕ್ಕೂ ಇದ್ದ ಅಂತರ ಇದೇ.

೧೮೭೬–೭೮ರ ಬರ, ನಮ್ಮ ಜನ ಧಾತು ಸಂವತ್ಸರದ ಬರವೆಂದು ನೆನೆಯುವುದು, ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತು. ಅನಂತರ ಕಾಯಿದೆಗಳು ಸಾಲಾಗಿ ಬಂದುವು. ೧೮೮೨ರ ಮದರಾಸು ಅರಣ್ಯ ಕಾಯಿದೆ ಕಾಡಿಗೆ ಗಡಿ ಹಾಕಿತು. ೧೮೮೩ರ ಮತ್ತು ೧೮೮೪ರ ಸಾಲದ ಕಾಯಿದೆಗಳು ಬಾವಿಗೆ, ನೆಲದ ಸುಧಾರಣೆಗೆ, ಬೀಜಕ್ಕೆ, ದನಕ್ಕೆ ತಕಾವಿ ಕೊಡುವ ದಾರಿ ಮಾಡಿದುವು. ಇಂಡಿಯಾದ ಬೇಸಾಯವನ್ನು ಪರೀಕ್ಷಿಸಿದ ವೋಲ್ಕರ್ ಎಂಬ ವಿದ್ವಾಂಸನು ೧೮೯೩ರ ವರದಿಯಲ್ಲಿ, ಸೌದೆಯಿಲ್ಲದ ಕಡೆ ಗೊಬ್ಬರವಾಗಬೇಕಾದ ಸಗಣಿ ಒಲೆಗೆ ಹೋಗುತ್ತಿದೆಯೆಂದು ತೋರಿಸಿ, ಸೌದೆ ಮೇವುಗಳಿಗಾಗಿಯೇ ಕಾಡು ಬೆಳೆಸಬೇಕೆಂದನು. ಆದರೆ ಎತ್ತು ಕೊಳ್ಳಲು ಸಾಲ ಪಡೆದಂತೆ, ಮರ ದೊಡ್ಡದಾಗುವವರೆಗೆ ಬದುಕಲು ಸಾಲ ಪಡೆಯುವುದು ರೈತನ ಕಲ್ಪನೆಗೂ ದೂರದ ಮಾತಾಗಿತ್ತು.

೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ೧೯೫೩ರ ಅಕ್ಟೋಬರ್ ೧ರಂದು ಈ ಸೀಮೆ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಮುಂದೆ ೧೯೭೬ರಲ್ಲಿ ಒಂದು ವಿಚಿತ್ರ ಕೂಡಿಕೆ ಒದಗಿತು. ರಾಷ್ಟ್ರೀಯ ಕೃಷಿ ಆಯೋಗವು ರೈತನೂ ತನ್ನ ನೆಲದಲ್ಲಿ ಮರ ಬೆಳೆಸಬೇಕೆಂಬ ಸಾಮಾಜಿಕ ಅರಣ್ಯದ ತತ್ತ್ವವನ್ನು ಸಾರಿತು. ಅದೇ ವರ್ಷದ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಸ್ವಂತ ನೆಲದ ಮರವನ್ನಾದರೂ ಅಪ್ಪಣೆಯಿಲ್ಲದೆ ಕಡಿಯಕೂಡದೆಂದಿತು. ನೀಲಗಿರಿ, ಸರ್ವೆ, ಸುಬಾಬುಲ್ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿ. ಬೇವು ಬೆಳೆಸಿದವನು ಕಚೇರಿಗೆ ಅಲೆಯಬೇಕು, ನೀಲಗಿರಿ ಬೆಳೆಸಿದವನು ಗಾಡಿಗೆ ಹೇರಬಹುದು ಎಂದಮೇಲೆ ರೈತನ ಒಲವು ಎತ್ತ ತಿರುಗೀತು?

೧೯೮೩ರಲ್ಲಿ ವಿಶ್ವಬ್ಯಾಂಕಿನ ಮತ್ತು ಬ್ರಿಟಿಷ್ ಸರಕಾರದ ನೆರವಿನಿಂದ ಕರ್ನಾಟಕ ಸಾಮಾಜಿಕ ಅರಣ್ಯ ಯೋಜನೆ ಮಂಜೂರಾಗಿ, ರೈತರಿಗೆ ಸಸಿಗಳ ಹಂಚಿಕೆ ನಡೆಯಿತು. ಅವುಗಳಲ್ಲಿ ನೀಲಗಿರಿಯದೇ ಮೇಲುಗೈ. ಮಾರುಕಟ್ಟೆಯೂ ಸಿದ್ಧವಾಗಿತ್ತು: ಹರಪನಹಳ್ಳಿಗೆ ಬಹುದೂರವಲ್ಲದ ಹರಿಹರದ ಎದುರುದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳಿನ ಮರ ಬೇಕಾಗಿತ್ತು. ರಾಜ್ಯದ ಇನ್ನೊಂದು ತುದಿಯ ಕೋಲಾರದಲ್ಲಿ ರಾಗಿಯ ಹೊಲಗಳೇ ನೀಲಗಿರಿಯ ತೋಪುಗಳಾಗುತ್ತಿದ್ದುವು. ೧೯೮೩ರಲ್ಲಿಯೇ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಸುಮಾರು ೩೦,೦೦೦ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಇಂಥ ಮರ ಬೆಳೆಸಲು ಸರಕಾರವೂ ಕಾರ್ಖಾನೆಯೂ ಕೂಡಿ ೧೯೮೪ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯ ವಿರುದ್ಧ, ೧೯೮೭ರ ನವೆಂಬರ್ ೧೪ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚುವುದೇ ಅದರ ಕ್ರಮ. ೧೯೯೧ರಲ್ಲಿ ಆ ಸಂಸ್ಥೆ ಮುಚ್ಚಿತು. ೨೦೧೭ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ಸರಕಾರ ನಿಷೇಧಿಸಿತು.

ಇದನ್ನು ನೀಲಗಿರಿಯ ಕಥೆಯೆಂದು ಮಾತ್ರ ತಿಳಿಯಬಾರದು. ಬೇಗ ಬೆಳೆದು ಬೇಗ ಹಣವಾಗುವ ಮರವನ್ನು ರೈತನು ಆರಿಸಿಕೊಂಡದ್ದು ದುರಾಸೆಯಿಂದಲ್ಲ, ಕಾಯುವ ತ್ರಾಣವಿಲ್ಲದೆ. ಸರಕಾರವು ಸಸಿ ಕೊಟ್ಟಿತು, ಕಾಯುವ ಕಾಲಕ್ಕೆ ಏನನ್ನೂ ಕೊಡಲಿಲ್ಲ. ಹಂಚಿದ ಸಸಿಗಳ ಲೆಕ್ಕ ಕಡತದಲ್ಲಿ ಬೆಳೆಯುತ್ತಿತ್ತು. ಹೊಲದಲ್ಲಿ ಬದುಕಿದುವೆಷ್ಟು ಎಂಬುದು ಬೇರೆಯೇ ಲೆಕ್ಕ.

ಈ ದೃಷ್ಟಿಯಿಂದ ೨೦೧೧–೧೨ರ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಒಂದು ತಿರುವು. ಇದರಲ್ಲಿ ಹಣ ಸಿಕ್ಕುವುದು ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ. ಸಸಿಯನ್ನು ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರಕ್ಕೆ ಕೊಂಡು ನೆಟ್ಟು, ಒಂದೊಂದು ವರ್ಷ ಉಳಿಸಿದಂತೆ ತಲೆಯೆಣಿಸಿ ಹಣ. ಮೊದಲಿಗೆ ಮೂರು ವರ್ಷಕ್ಕೆ ಸಸಿಯೊಂದಕ್ಕೆ ೧೦, ೧೫, ೨೦, ಒಟ್ಟು ೪೫ ರೂಪಾಯಿ; ಮುಂದೆ ಅದು ೩೫, ೪೦, ೫೦ರಂತೆ ೧೨೫ಕ್ಕೇರಿತು. ಹೆಕ್ಟೇರಿಗೆ ೪೦೦ ಸಸಿಯ ಮಿತಿ. ಎಲ್ಲವೂ ಬದುಕಿದರೆ ಮೂರು ವರ್ಷದಲ್ಲಿ ೫೦,೦೦೦ ರೂಪಾಯಿ. ಪುಣ್ಯದಿಂದ ಕಂದಾಯಕ್ಕೆ, ಕಂದಾಯದಿಂದ ಸಸಿಗೆ, ಸಸಿಯಿಂದ ಬದುಕಿದ ಗಿಡಕ್ಕೆ ಲೆಕ್ಕ ಬಂದು ನಿಂತಿತು.

ಆದರೂ ಎರಡು ಮಾತು ಹೇಳದೆ ಇರಲಾರೆ. ಹಣ ಕೈಸೇರುವುದು ವರ್ಷ ಕಳೆದ ಮೇಲೆ. ಬೇಸಗೆಯಲ್ಲಿ ಕೊಡ ಹೊತ್ತು ನೀರೆರೆಯುವ ಕಷ್ಟ ಮೊದಲಿನದು. ಬೋರ್‌ವೆಲ್ ಉಳ್ಳವನಿಗೆ ಅದು ಹಗುರ, ಮಳೆಯನ್ನೇ ನಂಬಿದವನಿಗೆ ಭಾರ. ಪಹಣಿ ಒಬ್ಬರ ಹೆಸರಿನಲ್ಲಿದ್ದು ಕೋರಿಗೆ ಮಾಡುವವನು ಇನ್ನೊಬ್ಬನಾದರೆ, ನೀರೆರೆದವನ ಪಾಲಿಗೆ ಏನು ಉಳಿದೀತು? ಎರಡನೆಯದಾಗಿ, ಮೂರು ವರ್ಷಕ್ಕೆ ನೆರವು ನಿಲ್ಲುತ್ತದೆ. ನಿಧಾನವಾಗಿ ಬೆಳೆಯುವ ಮರಗಳಿಗೆ ಅದು ಇನ್ನೂ ಕೆಲವು ವರ್ಷ ಮುಂದುವರಿಯಬೇಕು, ಕಡಿಯುವ ಅಪ್ಪಣೆಯೂ ಸುಲಭವಾಗಬೇಕು. ೨೦೨೧ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯಾಗಿ ಈ ಐದು ತಾಲ್ಲೂಕುಗಳೂ ಅದರಲ್ಲಿ ಸೇರಿವೆ. ಜಿಲ್ಲೆಯ ಹೆಸರು ಬದಲಾದರೂ ಹುಣಿಸೆ ತನ್ನ ಅವಧಿಯನ್ನು ಬದಲಿಸಿಕೊಂಡಿಲ್ಲ. ನೆರವಿನ ಕೊನೆಯ ಕಂತು ಬಂದಾಗ ಅದು ಇನ್ನೂ ಹೂವನ್ನೇ ಕಂಡಿರುವುದಿಲ್ಲ.