ನೀರಿನ ವಾದ, ಪಕ್ಷದ ವಾದ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ರಾಜಕೀಯ ತರ್ಕದ ಪರಿಶೀಲನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ನೀರಾವರಿಯ ಮಾತು ಬಾರದ ಚುನಾವಣಾ ಭಾಷಣ ಸಿಗುವುದು ಕಷ್ಟ. ಆ ಭಾಷಣಗಳಲ್ಲಿ ಎರಡು ವಾದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ‘ನಮ್ಮ ಕಾಲದಾಗ ಕಾಲುವೆಗೆ ನೀರು ಬಂತು, ಹಂಗಾಗಿ ತಂದವರು ನಾವ’ ಎಂಬುದು ಒಂದು. ಬೆಂಗಳೂರಿನಲ್ಲೂ ದಿಲ್ಲಿಯಲ್ಲೂ ನಮ್ಮದೇ ಪಕ್ಷವಿದ್ದರೆ ಉಳಿದ ನೀರೂ ಬರುತ್ತದೆ ಎಂಬುದು ಇನ್ನೊಂದು. ಎರಡೂ ದಾಖಲೆಯ ಮುಂದೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ನಿಲುವು.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಕೃಷ್ಣೆಯ ನೀರು ಹಂಚಿಕೆ ಕುರಿತ ಬಚಾವತ್ ನ್ಯಾಯಮಂಡಳಿಯ ತೀರ್ಪು 1973ರಲ್ಲಿ ಬಂದು 1976ರಲ್ಲಿ ರಾಜಪತ್ರ ಸೇರಿತು. ಅಣೆಕಟ್ಟೆಯ 519.6 ಮೀಟರ್ ಮಟ್ಟಕ್ಕೆ ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ಈ ನಡುವೆ ಕಾಂಗ್ರೆಸ್, ಜನತಾ ಪಕ್ಷ, ಜನತಾದಳಗಳೆಲ್ಲ ಆಳಿ ಹೋದವು. ಮುಳವಾಡ, ಚಿಮ್ಮಲಗಿ, ಗುತ್ತಿ ಬಸವಣ್ಣ ಏತ ನೀರಾವರಿ ಯೋಜನೆಗಳಂಥ ಕೆಲಸದಲ್ಲಿ ಸಮೀಕ್ಷೆ, ಮಂಜೂರಾತಿ, ಜಾಕ್‌ವೆಲ್, ಮುಖ್ಯ ಕಾಲುವೆ, ಹೊಲಗಾಲುವೆ ಎಲ್ಲವೂ ಒಂದೇ ಸರ್ಕಾರದ ಅವಧಿಯಲ್ಲಿ ಮುಗಿಯುವಂಥವಲ್ಲ. ಪಂಪಿನ ಗುಂಡಿ ಒತ್ತಿದವರ ಹೆಸರಿಗೆ ಇಡೀ ಯೋಜನೆಯನ್ನು ಬರೆಯುವುದೆಂದರೆ ಕಾಲಕ್ರಮವನ್ನೇ ಕಾರಣವೆಂದು ಭ್ರಮಿಸಿದಂತೆ.

ಎರಡನೆಯ ವಾದವನ್ನು ಇತಿಹಾಸವೇ ಎರಡು ಬಾರಿ ಪರೀಕ್ಷೆಗೆ ಒಡ್ಡಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಅನುಮತಿ ನೀಡಿತು. 2013ರ ನವೆಂಬರ್‌ನಲ್ಲಿ ಅಂತಿಮ ವರದಿಯನ್ನೂ ಕೊಟ್ಟಿತು. ಆಗ ರಾಜ್ಯದಲ್ಲಿ ಕಾಂಗ್ರೆಸ್, ಕೇಂದ್ರದಲ್ಲಿ ಅದೇ ಪಕ್ಷದ ನೇತೃತ್ವದ ಯುಪಿಎ. ತೀರ್ಪು ರಾಜಪತ್ರದಲ್ಲಿ ಪ್ರಕಟವಾಗಲಿಲ್ಲ. 2019ರ ಜುಲೈನಿಂದ 2023ರ ಮೇವರೆಗೆ ಎರಡೂ ಕಡೆ ಬಿಜೆಪಿ. ಆಗಲೂ ಪ್ರಕಟವಾಗಲಿಲ್ಲ. ದೊಡ್ಡ ತಡೆ ಇದ್ದದ್ದು ನ್ಯಾಯಾಲಯದಲ್ಲಿ: ತೀರ್ಪನ್ನು ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿತ್ತು. 2014ರಲ್ಲಿ ಆಂಧ್ರಪ್ರದೇಶ ಇಬ್ಭಾಗವಾದ ಮೇಲೆ ವ್ಯಾಜ್ಯ ಇನ್ನಷ್ಟು ಜಟಿಲವಾಯಿತು. ವಿರೋಧ ಪಕ್ಷದಲ್ಲಿದ್ದಾಗ ‘ಯಾಕೆ ಪ್ರಕಟಿಸಿಲ್ಲ?’ ಎಂದು ಗುಡುಗುವವರು ಅಧಿಕಾರಕ್ಕೆ ಬಂದಾಗ ಸುಪ್ರೀಂ ಕೋರ್ಟಿನ ಆ ಆದೇಶವನ್ನು ನೆನೆಯುತ್ತಾರೆ. ಇದು ಎರಡೂ ಪಕ್ಷಗಳ ಚಾಳಿ.

ವಾದ ದುರ್ಬಲವಾದಲ್ಲಿ ಬಣ ಬಲವಾಗುತ್ತದೆ. ಎ.ಎಸ್. ಪಾಟೀಲ ನಡಹಳ್ಳಿ ಅವರು 2008 ಮತ್ತು 2013ರಲ್ಲಿ ದೇವರಹಿಪ್ಪರಗಿಯಿಂದ ಕಾಂಗ್ರೆಸ್ ಶಾಸಕರು. 2018ರಲ್ಲಿ ಮುದ್ದೇಬಿಹಾಳದಿಂದ ಬಿಜೆಪಿ ಶಾಸಕರು. 2023ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಸಿ.ಎಸ್. ನಾಡಗೌಡರು ಮತ್ತೆ ಗೆದ್ದರು. ಸಿಂದಗಿಯಲ್ಲಿ ಜೆಡಿಎಸ್‌ನ ಎಂ.ಸಿ. ಮನಗೂಳಿ ತೀರಿಕೊಂಡ ಬಳಿಕ 2021ರಲ್ಲಿ ಉಪಚುನಾವಣೆ ನಡೆಯಿತು. ಅವರ ಮಗ ಅಶೋಕ ಮನಗೂಳಿ ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ರಮೇಶ ಭೂಸನೂರರ ಎದುರು ಸೋತರು, 2023ರಲ್ಲಿ ಗೆದ್ದರು. ಪಕ್ಷ ಬದಲಿಸುವುದು ಅವರವರ ಹಕ್ಕು. ಆದರೆ ಚಿಹ್ನೆ ಬದಲಾದಾಗ ನೀರಾವರಿ ನೀತಿಯಲ್ಲಿ ಏನು ಬದಲಾಯಿತು ಎಂದು ಮತದಾರ ಕೇಳಿದರೆ ಉತ್ತರ ಸಿಗುವುದಿಲ್ಲ. ಪಕ್ಷದೊಳಗಿನ ಕಚ್ಚಾಟದ್ದೂ ಇದೇ ಕಥೆ. 2025ರ ಮಾರ್ಚ್‌ನಲ್ಲಿ ವಿಜಯಪುರ ನಗರ ಶಾಸಕ ಬಸನಗೌಡ ಪಾಟೀಲ ಯತ್ನಾಳರನ್ನು ಬಿಜೆಪಿ ಆರು ವರ್ಷಗಳಿಗೆ ಉಚ್ಚಾಟಿಸಿತು. ಅದಕ್ಕೆ ಮೊದಲಿನ ತಿಂಗಳುಗಳ ಜಗಳ ನಡೆದದ್ದು ರಾಜ್ಯ ನಾಯಕತ್ವದ ಸುತ್ತಲೇ ಹೊರತು ಕೃಷ್ಣೆಯ ಸುತ್ತಲಲ್ಲ.

ಇದರ ಬೆಲೆ ತೆರುವವರು ಯಾರು? ಬರದ ಬೇಸಿಗೆಯಲ್ಲಿ ಇಂಡಿಯ ಲಿಂಬೆ ಬೆಳೆಗಾರ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಳ್ಳುತ್ತಾನೆ. ಆ ಬಿಲ್ಲಿನ ಮೇಲೆ ಯಾವ ಪಕ್ಷದ ಹೆಸರೂ ಇರುವುದಿಲ್ಲ. ಹೊರಗಿನಿಂದ ಸವಾಲು ಬಂದಾಗಲೂ ಹೀಗೇ ಆಯಿತು. 2025ರ ಮೇನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಸಾಂಗಲಿ, ಕೊಲ್ಲಾಪುರದ ಪ್ರವಾಹದ ಕಾರಣ ಕೊಟ್ಟು ಆಲಮಟ್ಟಿಯ ಎತ್ತರ ಏರಿಸಬಾರದೆಂದು ಪತ್ರ ಬರೆದರು. ಆ ವಾದಕ್ಕೆ ಜಲವಿಜ್ಞಾನದ ಅಂಕಿಅಂಶಗಳಿಂದ ಒಗ್ಗಟ್ಟಿನ ಉತ್ತರ ಕೊಡಬೇಕಿತ್ತು. ಬದಲಿಗೆ ಯಾವ ಪಕ್ಷ ಯಾರಿಗೆ ಹೆದರಿತು ಎಂಬ ಚರ್ಚೆಯಲ್ಲೇ ಹೊತ್ತು ಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟವು ಎತ್ತರ ಏರಿಸಿದರೆ ಮುಳುಗಡೆಯಾಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಖುಷ್ಕಿಯಾದರೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ವಾದಕ್ಕೆ ಯೋಗ್ಯವಾದ ವಿಷಯ ಇದು: ಹಣ ಎಲ್ಲಿಂದ, ಎಷ್ಟು ವರ್ಷಗಳಲ್ಲಿ?

2028ರ ಚುನಾವಣೆಯಲ್ಲಿ ಈ ನಾಲ್ಕೂ ತಾಲ್ಲೂಕುಗಳ ಮತದಾರರು ಪ್ರತಿ ಅಭ್ಯರ್ಥಿಯನ್ನೂ ಕೇಳಬೇಕು: ಸುಪ್ರೀಂ ಕೋರ್ಟಿನ ದಾವೆ ಯಾವ ಹಂತದಲ್ಲಿದೆ, ಪರಿಹಾರ ಎಷ್ಟು ಎಕರೆಗೆ ಸಂದಿದೆ, ನನ್ನ ಊರಿನ ಹೊಲಗಾಲುವೆ ಎಂದು ಮುಗಿಯುತ್ತದೆ? ಉತ್ತರವನ್ನು ಬರೆದಿಟ್ಟುಕೊಂಡು ಐದು ವರ್ಷಗಳ ನಂತರ ಅದೇ ಕಾಗದವನ್ನು ಅವರ ಮುಂದೆ ಹಿಡಿಯಬೇಕು.