ಪದ ಪರಿಚಯ: ನಿರೀಕ್ಷೆ

ನಿರೀಕ್ಷೆ

'ಭಾರಿ ಬೆಳೆಹಾನಿ ನಿರೀಕ್ಷೆ' ಎಂಬಂಥ ತಲೆಬರಹಗಳು ಕಣ್ಣಿಗೆ ಬೀಳುವುದುಂಟು. ಹಾನಿಯನ್ನು ಯಾರು ತಾನೇ ನಿರೀಕ್ಷಿಸುತ್ತಾರೆ? ಅಲ್ಲಿ 'ಆತಂಕ' ಎಂದಿರಬೇಕು.

ಸಂಸ್ಕೃತದ 'ಈಕ್ಷ್' ಧಾತುವಿಗೆ ನೋಡು ಎಂದರ್ಥ. ಪರೀಕ್ಷೆ, ಸಮೀಕ್ಷೆ, ಪ್ರತೀಕ್ಷೆ, ಉಪೇಕ್ಷೆ ಎಲ್ಲವೂ ಅದೇ ಬಳಗ. ದಿಟ್ಟಿಸಿ ನೋಡುವ ಹಳೆಯ ಅರ್ಥ 'ಕಂದಾಯ ನಿರೀಕ್ಷಕ'ರಲ್ಲಿ ಇಂದಿಗೂ ಉಳಿದಿದೆ. ಉಳಿದೆಡೆ ಕನ್ನಡದಲ್ಲಿ ಅದು ಎದುರುನೋಟವಾಯಿತು.

ಈ ಪದ ಬಹು ಆಳಕ್ಕಿಳಿದದ್ದು ಕನ್ನಡ ಬೈಬಲ್‌ನಲ್ಲಿ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಎಂದು ಮೆಟ್ಟಿಲು ಕಟ್ಟುತ್ತಾನೆ. ಸುಖದ ದಿನಗಳಲ್ಲಿ ಸುಮ್ಮನೆ ದಕ್ಕದ, ಬೇನೆಯನ್ನು ಹಾದು ಬಂದವರ ಗಳಿಕೆ ಅದು. ಶವಸಂಸ್ಕಾರದ ಆರಾಧನೆಯಲ್ಲಿ 'ಪುನರುತ್ಥಾನದ ನಿರೀಕ್ಷೆ' ಎಂದಾಗ ಅದು ಊಹೆಯ ಮಾತಲ್ಲ, ಗಟ್ಟಿ ಭರವಸೆ.

ಹೀಬ್ರೂವಿನ 'ತಿಕ್ವಾ' ಪದಕ್ಕೆ ನಿರೀಕ್ಷೆಯ ಜೊತೆಗೆ ಹುರಿ ಎಂಬ ಅರ್ಥವೂ ಇದೆ. ಯೆಹೋಶುವನ ಗ್ರಂಥದಲ್ಲಿ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ಹುರಿಗೂ ಅದೇ ಪದ.

ನೆರೆಯ ತೆಲುಗು ಬೈಬಲ್‌ನಲ್ಲಿ ಇದು 'ನಿರೀಕ್ಷಣ', ಮಲಯಾಳದಲ್ಲಿ 'ಪ್ರತ್ಯಾಶ', ಹಿಂದಿಯಲ್ಲಿ 'ಆಶಾ'. ತಮಿಳಿನಲ್ಲಿ 'ನಂಬಿಕ್ಕೈ'. ಆದರೆ ಕನ್ನಡದ 'ನಂಬಿಕೆ' ಬೈಬಲ್‌ನಲ್ಲಿ ವಿಶ್ವಾಸಕ್ಕೆ ಮೀಸಲು. ಎರಡೂ ಭಾಷೆಗಳ ಬೈಬಲ್ ಓದುವವರು ಇದನ್ನು ಗಮನದಲ್ಲಿಡಬೇಕು.