ಒಂದು ಕಥೆ, ಹಲವು ಪಠ್ಯಗಳು: ಕಿಂದರಿಜೋಗಿ ಮತ್ತು ತೌಲನಿಕ ಓದಿನ ಬೋಧನೆ

ಎರಡು ಕಥೆಗಳನ್ನು ಹೋಲಿಸುವ ಅಭ್ಯಾಸವು ಶಾಲೆಗಳಲ್ಲಿ ಬಹುಮಟ್ಟಿಗೆ ಸಾಮ್ಯ ಮತ್ತು ವ್ಯತ್ಯಾಸಗಳ ಪಟ್ಟಿಯಲ್ಲಿ ಮುಗಿದುಹೋಗುತ್ತದೆ. ಪಾತ್ರ, ಸ್ಥಳ, ಘಟನೆಗಳನ್ನು ಎದುರುಬದುರಾಗಿ ಬರೆದುಕೊಂಡ ವಿದ್ಯಾರ್ಥಿಗೆ ಆ ವ್ಯತ್ಯಾಸಗಳು ಏಕೆ ಉಂಟಾದವೆಂಬ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ ಉತ್ತರವು ಅನೇಕ ವೇಳೆ ಕಥಾವಸ್ತುವಿನಲ್ಲಿರದೆ ಪಠ್ಯಪ್ರಕಾರದಲ್ಲಿ, ಅಂದರೆ ಬರಹವು ಯಾವ ಉದ್ದೇಶಕ್ಕೆ, ಯಾರಿಗಾಗಿ, ಯಾವ ರೂಪದಲ್ಲಿ ಸಿದ್ಧವಾಯಿತೆಂಬುದರಲ್ಲಿ ಇರುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮತ್ತು ಅದರ ಹಿಂದಿನ ಪಠ್ಯಗಳು ಇದನ್ನು ಮಕ್ಕಳಿಗೆ ಕಾಣಿಸಲು ಅಪರೂಪದ ಸಾಮಗ್ರಿಯಾಗಿವೆ.

ಜರ್ಮನಿಯ ಹಾಮೆಲ್ನ್ ಪಟ್ಟಣದಿಂದ 1284ರಲ್ಲಿ 130 ಮಕ್ಕಳು ಕಾಣೆಯಾದರೆಂದು ಹೇಳುವ 15ನೆಯ ಶತಮಾನದ ಲ್ಯಾಟಿನ್ ಟಿಪ್ಪಣಿಯಲ್ಲಿ ಬೆಳ್ಳಿಯ ಕೊಳಲು ಹಿಡಿದ ಯುವಕನಿದ್ದಾನೆ, ಇಲಿಗಳಿಲ್ಲ. ಅವು ಕಥೆಗೆ ಸೇರಿದ್ದು 16ನೆಯ ಶತಮಾನದಲ್ಲಿ. ಗ್ರಿಮ್ ಸಹೋದರರು 1816ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಇದು ಐತಿಹ್ಯ, ಎಂದರೆ ನಿರ್ದಿಷ್ಟ ಊರು ಮತ್ತು ಕಾಲಕ್ಕೆ ಅಂಟಿಕೊಂಡು ನಿಜವಾಗಿ ನಡೆದದ್ದೆಂಬ ನಂಬಿಕೆಯೊಡನೆ ಹೇಳಲಾಗುವ ಕಥೆ. ಅಲ್ಲಿ ಇಬ್ಬರು ಮಕ್ಕಳು ಹಿಂದಿರುಗುತ್ತಾರೆ. ಕುರುಡನಿಗೆ ಜಾಗ ತೋರಿಸಲಾಗದು, ಮೂಗನಿಗೆ ನಡೆದದ್ದನ್ನು ಹೇಳಲಾಗದು. ರಾಬರ್ಟ್ ಬ್ರೌನಿಂಗನ 1842ರ ಕಥನಕವನದಲ್ಲಿ ಉಳಿಯುವವನು ಒಬ್ಬ ಕುಂಟ ಬಾಲಕ. ಅವನು ಏನನ್ನೂ ರುಜುವಾತುಪಡಿಸಬೇಕಿಲ್ಲ, ಕೈತಪ್ಪಿದ ಸುಖದ ನಾಡಿಗಾಗಿ ಕೊರಗುತ್ತಾನೆ. ಐತಿಹ್ಯಕ್ಕೆ ಸಾಕ್ಷಿ ಬೇಕು, ಕವನಕ್ಕೆ ಹಂಬಲ ಬೇಕು. ಬ್ರೌನಿಂಗನಲ್ಲಿ ಇಸವಿಯೂ 1376ಕ್ಕೆ ಜಾರಿದೆ, ಆದರೂ ಕವನಕ್ಕೆ ಅದರಿಂದ ಯಾವ ನಷ್ಟವೂ ಆಗಿಲ್ಲವೆಂಬುದು ಮಕ್ಕಳೊಡನೆ ಚರ್ಚಿಸಬೇಕಾದ ಸಂಗತಿ. ಬ್ರೌನಿಂಗನನ್ನು ಆಧರಿಸಿದ ಕುವೆಂಪು ಇಸವಿಯ ಗೊಡವೆಯನ್ನೇ ಬಿಟ್ಟು, ಕಥೆಯನ್ನು ತುಂಗಾತೀರಕ್ಕೆ ತಂದು, ನಗರಾಧ್ಯಕ್ಷನ ಜಾಗದಲ್ಲಿ ಗೌಡನನ್ನೂ ಕೊಳಲಿನವನ ಜಾಗದಲ್ಲಿ ಊರೂರು ಅಲೆಯುವ ಜೋಗಿಯನ್ನೂ ನಿಲ್ಲಿಸಿದರು.

ಸಾಹಿತ್ಯ ಸಿದ್ಧಾಂತಿ ಲೂಯಿಸ್ ರೋಸೆನ್‌ಬ್ಲಾಟ್ ತಮ್ಮ 1978ರ ಗ್ರಂಥದಲ್ಲಿ ಮಾಹಿತಿಯನ್ನು ಹೊರತೆಗೆದುಕೊಳ್ಳುವ ಓದನ್ನೂ ಓದುತ್ತಿರುವಾಗಿನ ಅನುಭವಕ್ಕೆ ಒಡ್ಡಿಕೊಳ್ಳುವ ಓದನ್ನೂ ಬೇರ್ಪಡಿಸಿದರು. ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಈ ಭೇದವನ್ನು ವ್ಯಾಖ್ಯೆಯಿಂದ ಕಲಿಸುವುದು ವ್ಯರ್ಥ. ಕವನವನ್ನು ಮೊದಲು ಗಟ್ಟಿಯಾಗಿ ಓದಿಸಿ, ಬಳಿಕ ಅದೇ ಪ್ರಸಂಗಕ್ಕೆ ದಿನಪತ್ರಿಕೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆಯನ್ನು ಬರೆಯಿಸಿದರೆ, ಮಗುವಿನ ವಯಸ್ಸು, ಎತ್ತರ, ತೊಟ್ಟ ಬಟ್ಟೆ, ಮಾತನಾಡುವ ಭಾಷೆ ಯಾವುದೂ ಕವನದಲ್ಲಿ ಸಿಗದೆ ವಿದ್ಯಾರ್ಥಿಗಳು ತಡವರಿಸುತ್ತಾರೆ. ಪ್ರಕಟಣೆಯಲ್ಲಿ ಜೋಗಿಯ ನಾದಕ್ಕೆ ಜಾಗವಿಲ್ಲವೆಂಬುದೂ ಆಗಲೇ ತಿಳಿಯುತ್ತದೆ. ಹೋಲಿಕೆಯ ಪಟ್ಟಿ ಬೇಕೇ ಬೇಕೆಂದಾದರೆ ಈ ತಡವರಿಕೆಯ ನಂತರ ಬರಲಿ.

ಪಠ್ಯಪುಸ್ತಕ ರಚನಾಕಾರರು ಇಂಥ ಕವನದ ಪಕ್ಕದಲ್ಲಿಯೇ ಅದೇ ವಸ್ತುವಿನ ಒಂದು ಗದ್ಯ ದಾಖಲೆಯನ್ನು ಮುದ್ರಿಸಬೇಕು. ಅರ್ಧ ಪುಟ ಸಾಕು.